ಒಂದೇ ತಿರುವು, ಮತ್ತೆ ಮತ್ತೆ

ಕೊಯಾಲಿಯಲ್ಲಿ ಪೆಟ್ರೋಲಿಗೆ ಬರವಿಲ್ಲ. ಇಂಡಿಯನ್ ಆಯಿಲ್‌ನ ಗುಜರಾತ್ ರಿಫೈನರಿ 1965ರಿಂದ ಇಲ್ಲೇ ಇದೆ. ಬರವೇನಿದ್ದರೂ ಆ ಪೆಟ್ರೋಲನ್ನು ಮನಸಾರೆ ಉರಿಸುವ ಜಾಗಕ್ಕೆ. ಪಕ್ಕದ ವಡೋದರಾದಿಂದ ಅಹಮದಾಬಾದಿಗೆ ಹೋಗುವ 93 ಕಿ.ಮೀ. ಎಕ್ಸ್‌ಪ್ರೆಸ್‌ವೇ ಮೇಲೆ ಬೈಕುಗಳಿಗೆ ಪ್ರವೇಶವಿಲ್ಲ. ಉಳಿದ ರಸ್ತೆಗಳಲ್ಲಿ ಟ್ಯಾಂಕರು, ಟ್ರಾಕ್ಟರು, ಎಮ್ಮೆ, ಶಾಲೆಗೆ ಹೊರಟ ಮಕ್ಕಳು. ಹೀಗಾಗಿ ಒಳ್ಳೆಯ ಬೈಕು ಇಟ್ಟುಕೊಂಡವರಿಗೆ ಟ್ರ್ಯಾಕ್ ಡೇ ಆಸೆ ಹುಟ್ಟುತ್ತದೆ. ಅಲ್ಲಿ ಸ್ಪರ್ಧೆಯಿಲ್ಲ, ಬಹುಮಾನವಿಲ್ಲ; ಶುಲ್ಕ ಕಟ್ಟಿ ರೇಸ್ ಟ್ರ್ಯಾಕಿನಲ್ಲಿ ನಮ್ಮದೇ ಬೈಕು ಓಡಿಸುವುದು, ಅಷ್ಟೇ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಬೆಂಗಳೂರಿನವರು ಬೆಳಗಿನ ಜಾವ ಹೊರಟು ಹೋಗಿ ಮುಟ್ಟಬಹುದು. ಕೊಯಾಲಿಯಿಂದ ಅದು 1,500 ಕಿ.ಮೀ.ಗೂ ಹೆಚ್ಚು. ಇಷ್ಟು ದೂರಕ್ಕೆ, ಖರ್ಚಿಗೆ, ಅಪಾಯಕ್ಕೆ ತಕ್ಕದ್ದೇನಾದರೂ ಅಲ್ಲಿ ಸಿಗುತ್ತದೆಯೇ? ಸಿಗುತ್ತದೆ ಎಂದೇ ನನ್ನ ವಾದ. ಹಲವರು ಅದನ್ನು ವೇಗ ಎಂದುಕೊಂಡಿದ್ದಾರೆ. ನನ್ನ ಕಣ್ಣಿಗೆ ವೇಗಕ್ಕಿಂತ ದೊಡ್ಡದಾಗಿ ಕಾಣುವುದು ಒಂದೇ ತಿರುವು ಮತ್ತೆ ಮತ್ತೆ ಎದುರಾಗುವ ಭಾಗ್ಯ.

ರಸ್ತೆಯ ತಿರುವು ಬರುತ್ತದೆ, ಹೋಗುತ್ತದೆ. ನಾಳೆ ಅಲ್ಲಿಗೇ ಬಂದರೆ ಜಲ್ಲಿ ಚೆಲ್ಲಿರುತ್ತದೆ, ಇಲ್ಲವೇ ಎದುರಿಗೆ ಲಾರಿ. ಬ್ರೇಕ್ ತಡವಾಗಿ ಹಿಡಿದದ್ದು ತಪ್ಪೋ, ಬೈಕನ್ನು ಬೇಗ ವಾಲಿಸಿದ್ದು ತಪ್ಪೋ ತಿಳಿಯುವುದೇ ಇಲ್ಲ. ಇರುಂಗಾಟ್ಟುಕೋಟೈಯ ಸುತ್ತು 3.7 ಕಿ.ಮೀ. ಕಾಲು ಗಂಟೆ, ಇಪ್ಪತ್ತು ನಿಮಿಷದ ಸೆಷನ್ನಿನಲ್ಲಿ ಅದೇ ತಿರುವು ಏಳೆಂಟು ಸಲ ಬರುತ್ತದೆ. ಅದೇ ಡಾಂಬರು, ಅದೇ ಅಗಲ. ಕನ್ನಡಿ ಬಿಚ್ಚಿಟ್ಟಾಗಿದೆ, ಹೆಡ್‌ಲೈಟಿಗೆ ಟೇಪು ಅಂಟಿಸಿಯಾಗಿದೆ. ಮೊದಲ ಸುತ್ತಿನಲ್ಲಿ ಕಣ್ಣು ಚಕ್ರದ ಮುಂದಿನ ನೆಲ ಬಿಟ್ಟು ಏಳುವುದಿಲ್ಲ, ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿರುತ್ತದೆ. ನಾಲ್ಕನೆಯದಕ್ಕೆ ಕಣ್ಣು ತಿರುವಿನ ಒಳಅಂಚಿಗೆ, ಅಲ್ಲಿಂದ ಹೊರದಾರಿಗೆ ಹರಿಯುತ್ತದೆ. ಬ್ರೇಕನ್ನು ಥಟ್ಟನೆ ಬಿಡದೆ, ಬೈಕು ವಾಲಿದಷ್ಟೂ ಬೆರಳತುದಿಯಲ್ಲಿ ಸಡಿಲಿಸುತ್ತ ಬಂದರೆ ಮುಂದಿನ ಫೋರ್ಕು ಎಗರದೆ ಕುಳಿತೇ ಇರುತ್ತದೆ. ಒಳಅಂಚು ದಾಟುವಾಗ ಥ್ರಾಟಲನ್ನು ನಯವಾಗಿ ತೆರೆಯುತ್ತ ಹೋದರೆ ಗಾಡಿ ತಾನಾಗಿ ನೆಟ್ಟಗಾಗುತ್ತದೆ. ಒಂದೇ ವರ್ಣವನ್ನು ಮೂರು ಕಾಲದಲ್ಲಿ ಹಾಡಿ ಪಳಗಿದವರಿಗೆ ಈ ಸುಖ ಹೊಸದಲ್ಲ.

ಈ ಪುನರಾವರ್ತನೆಯ ಫಲ ಊರಿನ ರಸ್ತೆಗೂ ಬರುತ್ತದೆ. 1980ರಲ್ಲಿ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಕಟ್ಟಿದ ಕೀತ್ ಕೋಡ್ ಸವಾರನ ಗಮನವನ್ನು ಹತ್ತು ಡಾಲರಿಗೆ ಹೋಲಿಸುತ್ತಾರೆ: ಬ್ರೇಕಿನ ಭಯಕ್ಕೇ ಬಹುಪಾಲು ಖರ್ಚಾದರೆ ರಸ್ತೆ ನೋಡಲು ಚಿಲ್ಲರೆಯಷ್ಟೇ ಉಳಿಯುತ್ತದೆ. 60 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 20 ಮೀಟರ್ ಬೇಕು. 120ರಲ್ಲಿ ಅದು 80 ಮೀಟರ್. ಲೆಕ್ಕ ಎಲ್ಲರೂ ಓದಿದ್ದೇ, ಮೈಗೆ ಹತ್ತುವುದು ಮಾತ್ರ ಆ ದೂರವನ್ನು ಹತ್ತಾರು ಸಲ ಅಳೆದ ಮೇಲೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ 2019ರ ಏಪ್ರಿಲಿನಿಂದ ಎಬಿಎಸ್ ಕಡ್ಡಾಯ. ಆದರೂ ಎಬಿಎಸ್ ಕೆಲಸ ಮಾಡುವಾಗ ಬ್ರೇಕ್ ಲಿವರು ಹೇಗೆ ಅದುರುತ್ತದೆಂದು ಎಷ್ಟೋ ಜನರಿಗೆ ಗೊತ್ತಾಗುವುದು ನಾಯಿ ಅಡ್ಡ ಬಂದಾಗಲೇ.

ಇದಕ್ಕೆ ಎದುರಾಡುವವರ ಮಾತಿನಲ್ಲೂ ತೂಕವಿದೆ. ನಾರ್ವೆಯಲ್ಲಿ ಹೊಸ ಕಾರು ಚಾಲಕರಿಗೆ ಜಾರುವ ರಸ್ತೆಯ ತರಬೇತಿ ಕಡ್ಡಾಯ ಮಾಡಿದ ಮೇಲೆ ಎಳೆಯ ಗಂಡಸರ ಅಪಘಾತ ಇಳಿಯುವ ಬದಲು ಏರಿತೆಂದು 1980ರ ದಶಕದ ಅಧ್ಯಯನ ಹೇಳಿತು. ಕೌಶಲಕ್ಕಿಂತ ಮೊದಲು ಅಹಂ ಬೆಳೆದಿತ್ತು. ಟ್ರ್ಯಾಕಿನಿಂದ ಮರಳಿದವರಿಗೂ ಇದೇ ಅಪಾಯ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಎದುರುದಿಕ್ಕಿನಲ್ಲಿ ಬರುವ ಟ್ರಾಕ್ಟರನ್ನೋ ಕತ್ತಲಲ್ಲಿ ಕಾಣದ ಹಂಪನ್ನೋ ಟ್ರ್ಯಾಕು ಕಲಿಸಿಕೊಡುವುದಿಲ್ಲ, ಒಪ್ಪುತ್ತೇನೆ. ಇದಕ್ಕಿಂತ ಭಾರವಾದ ಸಂಗತಿ ಇನ್ನೊಂದಿದೆ: 2023ರ ಆಗಸ್ಟಿನಲ್ಲಿ ಇದೇ ಇರುಂಗಾಟ್ಟುಕೋಟೈಯ ರಾಷ್ಟ್ರೀಯ ಚಾಂಪಿಯನ್‌ಶಿಪ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ಬಿದ್ದು ತೀರಿಕೊಂಡ. ಅದು ರೇಸು, ಟ್ರ್ಯಾಕ್ ಡೇ ಅಲ್ಲ ಎಂದು ಕೈತೊಳೆದುಕೊಳ್ಳಲಾಗದು, ಡಾಂಬರು ಅದೇ. ಲೆದರ್ ಸೂಟು, ಮಾರ್ಷಲ್, ಕೆಂಪು ಬಾವುಟ, ಕಾದು ನಿಂತ ಆಂಬುಲೆನ್ಸ್, ಇವೆಲ್ಲ ಅಪಾಯವನ್ನು ತಗ್ಗಿಸುತ್ತವೆ, ಅಳಿಸುವುದಿಲ್ಲ. ಆದರೆ ಅಲ್ಲಿ ಪಣಕ್ಕಿಡುವುದು ತಿಳಿದೇ ಬಂದ ಸವಾರರ ಮೈಯನ್ನು. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿಯಲ್ಲಿ ಅದೇ ಆಸೆ ತೀರಿಸಿಕೊಳ್ಳಹೊರಟರೆ, ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನ ಪ್ರಾಣವೂ ಅವನನ್ನು ಕೇಳದೆಯೇ ಪಣಕ್ಕೆ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ರಸ್ತೆಯ ರೇಸಿಗೆ ಜೈಲು, ದಂಡ ಎರಡನ್ನೂ ಹೇಳುತ್ತದೆ. ಆಸೆಗೆ ಬೇರೆ ದಾರಿಯನ್ನು ಕಾಯ್ದೆ ತೋರಿಸಲಾರದು.

ಖರ್ಚಿನ ಆಕ್ಷೇಪಕ್ಕೆ ನನ್ನ ಬಳಿ ಅರ್ಧ ಉತ್ತರವಿದೆ. ಟೈರು, ಬ್ರೇಕ್ ಪ್ಯಾಡು ಬೇಗ ಸವೆಯುತ್ತವೆ. ಬೈಕಿನ ಮಾಮೂಲಿ ವಿಮೆಯಲ್ಲಿ ರೇಸು, ವೇಗಪರೀಕ್ಷೆ ಸೇರುವುದಿಲ್ಲ, ಬಿದ್ದರೆ ರಿಪೇರಿ ನಮ್ಮ ತಲೆಗೇ. ಆದರೆ ಲೀಟರ್ ಬೈಕೇ ಬೇಕೆಂಬುದು ಬರೀ ಭ್ರಮೆ. 200 ಸಿಸಿಯ ಗಾಡಿ ಅಗ್ಗ, ಹಗುರ. ತಪ್ಪನ್ನು ಎಂಜಿನ್ನಿನ ಬಲದಲ್ಲಿ ಮುಚ್ಚಿಡಲು ಬಿಡುವುದಿಲ್ಲ. ಅದಕ್ಕೆ ಗ್ರೇಟರ್ ನೋಯ್ಡಾದ 5 ಕಿ.ಮೀ. ದಾಟಿದ ಬುದ್ಧ ಸರ್ಕ್ಯೂಟಿಗಿಂತ ಕೊಯಮತ್ತೂರಿನ 2 ಕಿ.ಮೀ. ಚಿಲ್ಲರೆಯ ಕರಿ ಸ್ಪೀಡ್‌ವೇ ಹೆಚ್ಚು ಒಪ್ಪುತ್ತದೆ. ದೂರದ ಆಕ್ಷೇಪಕ್ಕೆ ಸವಾರರೊಬ್ಬರೇ ಉತ್ತರ ಕೊಡಲಾರರು. ವಡೋದರಾಕ್ಕೋ ಬೆಂಗಳೂರಿಗೋ ಹತ್ತಿರದಲ್ಲಿ ಕೋಟಿಗಟ್ಟಲೆ ಸುರಿದ ಅಂತರರಾಷ್ಟ್ರೀಯ ಸರ್ಕ್ಯೂಟ್ ಬೇಕೆಂದು ನಾನು ಕೇಳುತ್ತಿಲ್ಲ. ಇರುಂಗಾಟ್ಟುಕೋಟೈ ಹುಟ್ಟುವ ಮುಂಚೆ ಮದ್ರಾಸಿನವರು ದಶಕಗಳ ಕಾಲ ಓಡಿಸಿದ್ದು ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಹಳೆಯ ವಿಮಾನಪಟ್ಟಿಯ ಮೇಲೆ.