ಗಾಡಿಯೊಳಗೂ ಒಂದು ಗಂಜ್

ತಿಕೋಟಾ ದಾಟುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೇರಿತು. ಬೇವಿನ ನೆರಳಿಗೆ ಗಾಡಿ ಹಚ್ಚಿ ಎಂಜಿನ್ ಬಂದ್ ಮಾಡಿದೆ. ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಲಿಲ್ಲ. ಒತ್ತಡದೊಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ತೆಗೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ.

ಮನೆಯಲ್ಲಿ, ಪೂರ್ತಿ ತಣಿದ ಮೇಲೆ ಬಿಚ್ಚಿ ನೋಡಿದೆ. ಮುಚ್ಚಳದ ರಬ್ಬರ್ ಸುತ್ತ ಸುಣ್ಣದಂಥ ಬಿಳಿ ಪದರ. ವರ್ಷಗಟ್ಟಲೆ ಸುರಿದ ಬೋರ್‌ವೆಲ್ ನೀರಿನ ಗುರುತು ಅದು. ರಬ್ಬರ್ ಸರಿಯಾಗಿ ಕೂರದಿದ್ದರೆ ಒತ್ತಡ ಸೋರುತ್ತದೆ, ನೀರು ಬೇಗ ಕುದಿಯುತ್ತದೆ. ಅದೇ ಪದರದಿಂದ ರೇಡಿಯೇಟರ್ ಒಳಗಿನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ.

ವಿಜಯಪುರದ ಹಳೇ ಗಂಜ್‌ಗಳು ನೆನಪಾದವು. ಕೊಳವೆಯ ನೀರಿನ ಒತ್ತಡ ಇಳಿಯಲಿ, ಕೆಸರು ತಳಕ್ಕೆ ಕೂರಲಿ ಎಂದು ಆದಿಲ್‌ಶಾಹಿ ಕಾಲದವರು ಕಟ್ಟಿದ ಗೋಪುರಗಳು. ಗಾಡಿಯಲ್ಲಿ ಒತ್ತಡ ಕಾಯುವುದು ಈ ಪುಟ್ಟ ಮುಚ್ಚಳ.

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹತ್ತಿರದ ಬಬಲೇಶ್ವರಕ್ಕೇ ಹೊರಟಿದ್ದರೂ, ಎಂಜಿನ್ ತಂಪಿದ್ದಾಗ ಕೂಲಂಟ್ ಮಟ್ಟ, ಹೋಸ್ ಪೈಪು, ಮುಚ್ಚಳದ ರಬ್ಬರ್ ನೋಡಿ. ಎಂಜಿನ್ ಕಾದಾಗ ಫ್ಯಾನ್ ತಿರುಗುತ್ತದೆಯೇ, ಗಮನಿಸಿ. ಕೂಲಂಟ್‌ಗೆ ಬೆರೆಸುವುದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಐದು ನಿಮಿಷದ ಕೆಲಸ, ಮನೆಮಂದಿಯ ಪ್ರಯಾಣ ಸುಖವಾಗುತ್ತದೆ.