ಕಪ್ಪು ಎರಡರ ಸೀಟಿ

ಕುಂದಗೋಳದ ಕಡೆ ಎನ್‌ಎ ಪ್ಲಾಟು ಮಾರುವವರು ಬೋರ್ಡಿನ ಮೇಲೆ ಮೊದಲು ಬರೆಸುವುದೇ ‘ರೇಲ್ವೆ ಸ್ಟೇಶನ್ನಿಗೆ ಐದು ನಿಮಿಷ’ ಎಂದು. ಅದನ್ನು ಓದಿಯೇ ಪ್ಲಾಟು ಹಿಡಿದವರು ವಾಸ್ತುಶಾಂತಿಯ ಹೋಳಿಗೆ ಅರಗುವ ಮೊದಲೇ, ರೈಲಿನ ಸೀಟಿಗೆ ನಿದ್ದೆ ಹತ್ತುವುದಿಲ್ಲ ಎಂದು ಅರ್ಜಿ ಬರೆಯಲು ಕೂರುತ್ತಾರೆ. ಈ ಸಲ ಊರಿಗೆ ಹೋದಾಗ ಅಂಥದೊಂದು ಅರ್ಜಿಗೆ ನನ್ನ ಸಹಿಯನ್ನೂ ಕೇಳಿದರು. ಬರೆದವನು ನನ್ನ ಅಕ್ಕನ ಮಗನೇ. ಬೆಂಗಳೂರಿನ ನೌಕರಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಊರಿಗೆ ಬಂದವನು, ರಾತ್ರಿ ಮಾಳಿಗೆ ಹತ್ತಿ ಮೊಬೈಲಿನಲ್ಲಿ ಸಪ್ಪಳ ಅಳೆಯುತ್ತಾನೆ.

“ರಾತ್ರಿ ಹತ್ತರಿಂದ ಮುಂಜಾನೆ ಆರರ ತನಕ ಮನಿ ಇದ್ದಲ್ಲೆ 45 ಡೆಸಿಬಲ್ ದಾಟಬಾರದು ಮಾಮಾ. 2000ನೇ ಇಸವಿ ನಿಯಮ ಐತಿ.”

ನಿಯಮ ಇರುವುದು ಖರೆ. ಅದನ್ನು ಹಿಡಿದು ಹೊರಟರೆ ನಮ್ಮ ಓಣಿಯ ನಾಯಿಗಳಲ್ಲಿ ಒಂದೂ ಹೊರಗೆ ಉಳಿಯಲಿಕ್ಕಿಲ್ಲ. ರೈಲೇ ಇಲ್ಲದ ನವಲಗುಂದದಿಂದ ಬಂದಿದ್ದ ಬೀಗರು ಇದನ್ನೆಲ್ಲ ಕೇಳಿ, “ನಿಮಗ ಬ್ಯಾಡಾದ್ರ ನಮ್ಮ ಕಡೆ ಕಳಿಸ್ರಿ, ಗಾಡಿ ಸೈತ” ಎಂದು ನಕ್ಕರು.

ರೈಲಿಗೆ ಅದರದೇ ಶಾಸ್ತ್ರವಿದೆ. ಗೇಟಿಗೆ 600 ಮೀಟರ್ ಮೊದಲೇ ಹಳಿಯ ಮಗ್ಗುಲಲ್ಲಿ ಹಳದಿ ಫಲಕ ನೆಟ್ಟು, ಹಿಂದಿಯಲ್ಲಿ ‘ಸೀ/ಫಾ’ ಎಂದು ಬರೆದಿರುತ್ತಾರೆ. ಸೀಟಿ ಹೊಡಿ, ಮುಂದೆ ಫಾಟಕ ಇದೆ ಎಂದು. ಅಲ್ಲಿಂದ ಗೇಟು ದಾಟುವವರೆಗೆ ಉದ್ದ ಸೀಟಿ. ಮೇಲಿಂದ ಮೇಲೆ ಗಿಡ್ಡ ಸೀಟಿ ಹೊಡೆದರೆ ಅಪಾಯ. ಇಷ್ಟನ್ನೂ ನನಗೆ ಚಿಕ್ಕಂದಿನಲ್ಲಿ ಕಲಿಸಿದವನು ಪೇಟಿ ಕಾಕಾ.

ಕಾಕಾನ ನಿಜವಾದ ಹೆಸರು ರೇಶನ್ ಕಾರ್ಡಿಗಷ್ಟೇ ಗೊತ್ತಿತ್ತು. ಸಂಜೆ ಕಟ್ಟೆಗೆ ಹಾರ್ಮೋನಿಯಂ ತಂದಿಟ್ಟುಕೊಂಡು ಗಾಡಿಗೆ ಕಾಯುವನು. ಸೀಟಿ ಕೇಳಿದ್ದೇ ತಡ, ಬೆರಳು ಪಟ್ಟಿಯ ಮೇಲೆ. “ಹರಿಹರದ ಗಾಡಿ ಕಪ್ಪು ಎರಡು. ಮಾಲಗಾಡಿ ಬಿಳಿ ನಾಕು, ಖರೆ ಒಂಚೂರು ಇಳದೈತಿ.” ಇಳಿದದ್ದನ್ನು ಏರಿಸಿಕೊಡಿ ಎಂದು ಹುಬ್ಬಳ್ಳಿಗೆ ಕಾರ್ಡೂ ಬರೆದಿದ್ದ.

ಅವನ ದೊಡ್ಡ ತಕರಾರು ಬೇರೆಯೇ ಇತ್ತು. ಬರುವಾಗ ಏರಿದ್ದ ಸ್ವರ ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದಲ್ಲ, ಅದು ಡ್ರೈವರನ ಬೇಪರವಾಯಿ ಎಂದೇ ಅವನ ವಾದ. ಹೈಸ್ಕೂಲಿನ ಸಾಯನ್ಸ್ ಮಾಸ್ತರರು ಡಾಪ್ಲರ್ ಎಂಬವನ ಸಿದ್ಧಾಂತ ಹೇಳಲು ಹೋದರು. ಕಾಕಾ ಪೂರ್ತಿ ಕೇಳಿ, “ಅಂವ ಯಾವ ಘರಾಣೆದಾಂವ್ರೀ?” ಅಂದ.

ಮಾಸ್ತರರಿಗೆ ಆಗ ಹಾಲೆಂಡಿನ ಕಥೆ ನೆನಪಾಗಬೇಕಿತ್ತು. 1845ರಲ್ಲಿ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ಕಹಳೆ ಊದುವವರನ್ನು ರೈಲು ಹತ್ತಿಸಿ, ಸ್ವರಜ್ಞಾನವಿದ್ದ ಸಂಗೀತಗಾರರನ್ನು ಹಳಿಯ ಬದಿಗೆ ನಿಲ್ಲಿಸಿ ಈ ಏರಿಳಿತವನ್ನು ಪರೀಕ್ಷಿಸಿದ್ದ. ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿಯ ಸೀಟಿ ದಾಟುವ ಹೊತ್ತಿಗೆ ಹತ್ತಿರ ಹತ್ತಿರ ರಿಷಭದಿಂದ ಷಡ್ಜಕ್ಕೆ ಬಂದಿರುತ್ತದೆ. ನಮ್ಮ ಕಾಕಾ ನೂರು ವರ್ಷ ತಡವಾಗಿ, ಅದೂ ಸಂಬಳವಿಲ್ಲದೆ, ಅದೇ ಕೆಲಸಕ್ಕೆ ಕೂತಿದ್ದ.

ಕುಂದಗೋಳದಲ್ಲಿ ಇಂಥ ಹುಚ್ಚಿಗೆ ಬರವಿಲ್ಲ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಈ ಊರಿನ ಸಂಗೀತವೆಲ್ಲ ರೈಲಿನಲ್ಲೇ ಓಡಾಡಿದ್ದು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರ ಪಾಠಕ್ಕೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ರೈಲಿಗೇ ಮರಳುತ್ತಿದ್ದರು. ಅವರನ್ನು ಸ್ಟೇಶನ್ನಿನ ತನಕ ಕಳಿಸಿಬರಲು ಜೊತೆಗೆ ಭೀಮಸೇನ ಜೋಶಿ. ಆ ಭೀಮಸೇನರೂ ಹನ್ನೊಂದರ ವಯಸ್ಸಿನಲ್ಲಿ ಗದಗಿನ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ಗಾಡಿ ಹತ್ತಿ ಗುರುವನ್ನು ಹುಡುಕಿದವರೇ. ಸವಾಯಿ ಗಂಧರ್ವರ ಗುರು, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು 1937ರಲ್ಲಿ ಪಾಂಡಿಚೇರಿಯ ದಾರಿಯಲ್ಲಿ ಎದೆನೋವು ಬಂದು, ಸಿಂಗಪೆರುಮಾಳ್ ಕೋಯಿಲ್ ಸ್ಟೇಶನ್ನಿನಲ್ಲಿ ಇಳಿದು, ಪ್ಲಾಟ್‌ಫಾರಮ್ಮಿನ ಮೇಲೆಯೇ ತೀರಿಕೊಂಡರು. ಕಾಕಾ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ, “ಕಿರಾಣಾ ಅಂದ್ರ ಏನಂತ ತಿಳಿದಿ ತಮ್ಮಾ? ರೇಲ್ವೆ ಘರಾಣಾ” ಎಂದು ಮುಗಿಸುವನು.

ಅಕ್ಕನ ಮಗನಿಗೆ ಈ ಪುರಾಣ ಬೇಡ, ಅಂಕಿಸಂಖ್ಯೆ ಬೇಕು. ಕೊಟ್ಟೆ. ಅಮೆರಿಕದ ಫ್ಲಾರಿಡಾದಲ್ಲಿ 1984ರಿಂದ ಊರೂರಿನವರು ರಾತ್ರಿಯ ಸೀಟಿ ನಿಲ್ಲಿಸಿದರು. ಅಂಥ ಗೇಟುಗಳಲ್ಲಿ ರಾತ್ರಿ ಅಪಘಾತಗಳು ಮೂರು ಪಟ್ಟಿನ ಹತ್ತಿರ ಬಂದವು. 1991ರಲ್ಲಿ ಕೇಂದ್ರದವರೇ ತುರ್ತು ಆದೇಶ ಹೊರಡಿಸಿ ಮತ್ತೆ ಊದಿಸಿದರು. 2005ರ ನಿಯಮದ ಪ್ರಕಾರ ಅಲ್ಲಿ ಮೌನ ಬೇಕೆಂದರೆ ಊರಿನವರೇ ಗೇಟಿನ ಭದ್ರತೆ ಹೆಚ್ಚಿಸಿ ತೋರಿಸಬೇಕು.

“ಅದು ಅಮೆರಿಕಾ ಮಾಮಾ,” ಅಂದ. ಡೆಸಿಬಲ್ ಮಾತ್ರ ನಮ್ಮೂರಿನದು!

ಕಾಕಾ ಈಗಿಲ್ಲ. ಸಂಶಿಯ ಹಾದಿಯಲ್ಲಿ ಅವನ ಹೊಲದ ಹತ್ತಿರವಿದ್ದ ಗೇಟೂ ಇಲ್ಲ. ಬ್ರಾಡ್‌ಗೇಜಿನ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿಯೊಳಗೆ ತೆಗೆದು ಮುಗಿಸಿದರು. ಈಗ ಕಾವಲಿದ್ದವುಗಳ ಸರದಿ. ಗೇಟು ಹೋದ ಕಡೆ ಹಳದಿ ಫಲಕವೂ ಹೋಗುತ್ತದೆ, ಸೀಟಿಯೂ. ಅರ್ಜಿ ಬರೆಯುವವರಿಗೆ ಇನ್ನೇನು ಬೇಕು?

ಗೇಟಿನ ಬದಲು ಅಂಡರ್‌ಪಾಸ್ ಕೊಟ್ಟಿದ್ದಾರೆ. ಎರಿ ಭೂಮಿಯಲ್ಲಿ ತಗ್ಗು ತೋಡಿದರೆ ಅದಕ್ಕೆ ಕೆರೆ ಎನ್ನುತ್ತಾರೆಂಬುದನ್ನು ಕಟ್ಟಿಸಿದವರಿಗೆ ಯಾರೂ ಹೇಳಿದಂತಿಲ್ಲ. ಮುಂಗಾರಿನ ಎರಡು ಅಡ್ಡಮಳೆಗೆ ಸೊಂಟಮಟ ನೀರು. ಚಕ್ಕಡಿಯವರು ಸುತ್ತುಹಾಕಿ ಹೋಗುತ್ತಾರೆ. ಕಳೆ ತೆಗೆಯಲು ಹೊರಟ ಹೆಂಗಸರು, ಪಾಟೀಚೀಲದ ಹುಡುಗರು ಏರಿ ಹತ್ತಿ ಹಳಿಯ ಮೇಲೆಯೇ ದಾಟುತ್ತಾರೆ. 2023ರ ಜೂನಿನಿಂದ ಈ ಹಳಿಯ ಮೇಲೆ ವಂದೇ ಭಾರತ್ ಬೇರೆ ಓಡುತ್ತಿದೆ. ಕರೆಂಟಿನ ಗಾಡಿ, ಹಳೆಯ ಉಗಿಬಂಡಿಯ ಹಾಗೆ ಮೂರು ಹೊಲದಾಚೆಯಿಂದ ಏದುಸಿರು ಬಿಡುತ್ತ ಬರುವುದಿಲ್ಲ. ಗೇಟೇ ಇಲ್ಲದ ಕಡೆ ಗೇಟಿನ ಸೀಟಿ ಹೊಡೆ ಎಂದು ಡ್ರೈವರನಿಗೆ ಹೇಳುವ ಫಲಕವೂ ಇಲ್ಲ.

ನೀರು ಎತ್ತಲು ಡೀಸೆಲ್ ಪಂಪು ತಂದು ಕೂಡಿಸಿದ್ದಾರೆ. ರಾತ್ರಿಯೆಲ್ಲ ಬಡಿದುಕೊಳ್ಳುತ್ತದೆ, ಯಾವ ಪಟ್ಟಿಗೂ ಹೊಂದುವುದಿಲ್ಲ. ಅದನ್ನು ಬಂದ್ ಮಾಡಿ ಎಂದು ಮಾತ್ರ ಇಲ್ಲಿಯವರೆಗೆ ಯಾರೂ ಅರ್ಜಿ ಕೊಟ್ಟಿಲ್ಲ.