ಎರಡೂವರೆ ಇಂಚು

ಪುಣೆಯಲ್ಲಿ ಗೋಧಡಿ, ಧಾರವಾಡದ ಕಡೆ ಕೌದಿ. ಹೆಸರು ಯಾವುದಾದರೂ ಹಳೆ ಬಟ್ಟೆಯನ್ನು ಪದರ ಪದರ ಹಾಸಿ ಕೈಹೊಲಿಗೆ ಹಾಕುವ ಕೆಲಸ ಒಂದೇ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಕೋಥ್ರೂಡಿನಲ್ಲಿರುವ ಧಾರವಾಡದ ಆ ಹೆಣ್ಣುಮಗಳು ಕೌದಿಗೆ ಕೂತದ್ದು ಅವ್ವ ತೀರಿಕೊಂಡ ಮೇಲೆ. ಹುಬ್ಬಳ್ಳಿಯ ತಂಗಿ ಕಟ್ಟಿ ಕಳಿಸಿದ ಗಂಟಿನಲ್ಲಿ ಐದು ಸೀರೆಗಳಿದ್ದವು. ಅವುಗಳಲ್ಲಿ ಎರಡು ಇಳಕಲ್ಲಿನವು. ಮೂರು ಹತ್ತಿ ಸೀರೆಗಳನ್ನು ತುಂಡು ಮಾಡಿ ಮೇಲ್ಪದರ ಜೋಡಿಸಿಕೊಂಡು, ಸುತ್ತಲೂ ಇಳಕಲ್ಲಿನ ರೇಷ್ಮೆಯ ಅಂಚನ್ನೇ ಹಚ್ಚಬೇಕೆಂದು ಅವರ ಲೆಕ್ಕ.

ತಂಗಿಗೆ ಇದು ತಿಳಿದಾಗ ಫೋನಿನಲ್ಲಿ ಸಿಟ್ಟು ಬಂತು. "ಕತ್ತರಿ ಹಾಕ್ತೀ ಅಂತ ಗೊತ್ತಿದ್ರ ನಾ ಕಳಸ್ತಿರಲಿಲ್ಲ, ಅಕ್ಕಾ."

ಇಳಕಲ್ ಸೀರೆಯ ಕೆಳಗಿನ ಅಂಚು ಹಿಮ್ಮಡಿಗೆ ತಿಕ್ಕಿ ತಿಕ್ಕಿ ಸವೆದಿರುತ್ತದೆ. ಗಟ್ಟಿ ಇದ್ದದ್ದು ಎರಡೂ ಸೀರೆಯ ಮೇಲಂಚು ಮಾತ್ರ. ಅಗಲ ನಾಲ್ಕಿಂಚು. ಹಾಳಾದರೆ ಬೇರೆ ಎಲ್ಲಿಂದ ತರುವುದು?

ಉದ್ದ ಪಟ್ಟಿಯನ್ನು ಬದಿಗೆ ಇಟ್ಟು ಮಷೀನಿನಲ್ಲಿ ಹೊಲಿಯುತ್ತ ಹೋದರು, ಕೊನೆಗೆ ಉಳಿದದ್ದನ್ನು ಕತ್ತರಿಸಿದರು. ಸೀರೆಗೆ ಫಾಲ್ ಹಚ್ಚಿ ಗೊತ್ತಿದ್ದ ಕೈಗೆ ಇದೇ ರೂಢಿ. ನಾಲ್ಕೂ ಬದಿ ಮುಗಿಸಿ ನೆಲಕ್ಕೆ ಹಾಸಿದರೆ ನಡು ಚಪ್ಪಟೆ, ಸುತ್ತಲೂ ಕರಿದ ಹಪ್ಪಳದಂತೆ ಅಲೆ ಅಲೆ! ಟೇಪು ಹಿಡಿದರು. ನಡುವಿನ ಉದ್ದ 89 ಇಂಚು, ಬದಿಯದ್ದು 91.5.

ಅಂಚಿನ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಅಂಚು ಸೀರೆಯ ಉದ್ದಕ್ಕೆ, ಹಾಸಿನ ಎಳೆಯ ಗುಂಟ ಬರುವುದರಿಂದ ಅಷ್ಟಾಗಿ ಹಿಗ್ಗುವುದಿಲ್ಲ. ಹಿಗ್ಗಿದ್ದು ಮೇಲ್ಪದರದ ಬದಿ. ಹೊಕ್ಕಿನ ಕಡೆಗೆ ಬಟ್ಟೆ ಸ್ವಲ್ಪ ಜಗ್ಗುತ್ತದೆ, ಓರೆಯಾಗಿ ಕತ್ತರಿಸಿದ್ದಂತೂ ಇಸ್ತ್ರಿ ತಾಗಿದರೆ ಸಾಕು. ನಡುವಿನ ತುಂಡುಗಳು ನಾಲ್ಕೂ ಕಡೆ ಹೊಲಿಗೆಯಲ್ಲಿ ಸಿಕ್ಕಿಬಿದ್ದಿರುತ್ತವೆ, ಜಗ್ಗಲಾರವು. ಹಾಗಾಗಿ ನಂಬಬೇಕಾದದ್ದು ನಡುವಿನ ಅಳತೆಯನ್ನೇ. ಎರಡು ಮೂರು ಕಡೆ ಅಳೆದು, ಸರಾಸರಿಗೆ ಪಟ್ಟಿ ಕತ್ತರಿಸಿ, ಪಟ್ಟಿಯನ್ನೂ ಬದಿಯನ್ನೂ ಎಂಟು ಭಾಗ ಮಾಡಿ, ಗುರುತಿಗೆ ಗುರುತು ಕೂಡಿಸಿ ಪಿನ್ ಹಾಕಿಯೇ ಹೊಲಿಯಬೇಕು.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರಿಗೆ ಈ ತಾಪತ್ರಯವೇ ಇಲ್ಲ. ಅವರ ಕೌದಿ ಶುರುವಾಗುವುದೇ ಅಂಚಿನಿಂದ. ತುಂಡು ಇಡುತ್ತ, ಅಲ್ಲೇ ಹೊಲಿಯುತ್ತ, ಸುತ್ತಿಕೊಂಡು ಒಳಗೆ ಬರುತ್ತಾರೆ. ಹೆಚ್ಚುಕಡಿಮೆಯಾದದ್ದು ನಡುವಿಗೆ ಬರುವಷ್ಟರಲ್ಲಿ ಯಾವುದೋ ತುಂಡಿನ ಕೆಳಗೆ ಸೇರಿರುತ್ತದೆ. ಕೊನೆಗೆ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ತ್ರಿಕೋನ ಹಚ್ಚಿ ಅದನ್ನು ಹೂವು ಅನ್ನುತ್ತಾರೆ. ಚೌಕ ಮೊದಲು, ಅಂಚು ಆಮೇಲೆ ಅನ್ನುವವರಿಗೆ ಆ ಜಾಣತನ ಒದಗುವುದಿಲ್ಲ.

ಬಿಚ್ಚುವುದೋ ಬಿಡುವುದೋ? ಕೈಹೊಲಿಗೆಯಲ್ಲಿ ಸಣ್ಣ ಅಲೆ ಕೂತುಬಿಡುತ್ತದೆ, ಎರಡೂವರೆ ಇಂಚು ಕೂರುವುದಿಲ್ಲ, ನೆರಿಗೆಯಾಗಿ ಮಡಚಿಕೊಳ್ಳುತ್ತದೆ. ತಂಗಿಯ ಮಾತೂ ಸುಳ್ಳಲ್ಲ: "ಬಿಚ್ಚಬ್ಯಾಡ. ಹಳೀ ರೇಷ್ಮಿ, ಹರೀತದ."

ಅವರು ಬಿಚ್ಚಿದರು. ಬ್ಲೇಡನ್ನು ಹತ್ತಿ ಬಟ್ಟೆಯ ಕಡೆ ಹಿಡಿದು ನಾಲ್ಕು ಹೊಲಿಗೆಗೆ ಒಂದರಂತೆ ಕತ್ತರಿಸಿದರೆ ಇನ್ನೊಂದು ಬದಿಯ ದಾರ ಎಳೆದ ಕೂಡಲೇ ಉದ್ದಕ್ಕೂ ಬರುತ್ತದೆ. ಕೈ ಜಾರಿದರೂ ಪೆಟ್ಟು ಬೀಳುವುದು ಹತ್ತಿಗೆ, ರೇಷ್ಮೆಗಲ್ಲ. ಆಮೇಲೆ ಮೇಲ್ಪದರದ ಬದಿಯಲ್ಲಿ ಕಾಲಿಂಚು ಒಳಗೆ ದೊಡ್ಡ ಹೊಲಿಗೆ ಓಡಿಸಿ, ದಾರ ಜಗ್ಗಿ, 91.5ನ್ನು 89ಕ್ಕೆ ತಂದರು. ಅಡಿಗೆ ಇಂಚಿನ ಮೂರನೇ ಒಂದು ಪಾಲು ಅಷ್ಟೆ, ತೊಳೆದು ಮೆತ್ತಗಾದ ಹತ್ತಿ ಅದನ್ನು ನೆರಿಗೆ ಕಾಣದಂತೆ ನುಂಗಿಕೊಳ್ಳುತ್ತದೆ. ಮತ್ತೆ ಹೊಲಿಯುವಾಗ ಹೆಚ್ಚಿದ್ದ ಬಟ್ಟೆಯನ್ನು ಕೆಳಗಿಟ್ಟರು. ಮಷೀನಿನ ಹಲ್ಲು ಕೆಳಗಿನದ್ದನ್ನು ತುಸು ಬೇಗ ಒಳಗೆಳೆದುಕೊಳ್ಳುತ್ತದೆ.

ಉದ್ದದ ಎರಡು ಬದಿ ಚೊಕ್ಕವಾಗಿ ಬಂದವು. ಮೂರನೆಯದರಲ್ಲಿ, ಮೂಲೆಯ ಹತ್ತಿರ, ದಾರದ ಜೊತೆ ರೇಷ್ಮೆಯೂ ಬಂತು. ನಾಲ್ಕು ಬೆರಳಗಲ ಹರಿದಿತ್ತು.

ಎರಡು ದಿನ ತಂಗಿಗೆ ಹೇಳಲಿಲ್ಲ. ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅವ್ವನ ಹಸರ ಖಣದ ಕುಪ್ಪಸ ನನ್ನ ಹಂತೇಕ ಐತಿ. ತೋಳು ಕತ್ತರಿಸಿ ಕಳಸ್ಲೇನು?" ಎಂದಳು.

ಗುಳೇದಗುಡ್ಡದ ಖಣ. ಹರಿದ ತುದಿಯನ್ನು ತೆಗೆದು ನಾಲ್ಕಿಂಚಿನ ಚೌಕ ಕೂರಿಸಿದರೆ ಮೂಲೆ ಸರಿಹೋಗುತ್ತದೆ, ಅಂಚು ಸಾಲದಿದ್ದಾಗ ಮಾಡುವ ಉಪಾಯವೇ ಇದು. ನಾಲ್ಕೂ ಮೂಲೆಗೆ ಹಾಕಿದ್ದರೆ ಬೇಕೆಂದೇ ಮಾಡಿದಂತೆ ಕಾಣುತ್ತಿತ್ತು. ತೋಳು ಎರಡು ಬಂದಿದ್ದವು, ಬಟ್ಟೆಗೇನೂ ಕೊರತೆ ಇರಲಿಲ್ಲ. ಅವರು ಒಂದೇ ಮೂಲೆಗೆ ಹಾಕಿದರು.

ನಾಲ್ಕನೆಯ ಬದಿಯನ್ನು ಬಿಚ್ಚಲೇ ಇಲ್ಲ. ಅಲ್ಲಿ ಹೆಚ್ಚಿದ್ದದ್ದು ಒಂದೇ ಇಂಚು. ಹಾಸುವಾಗ ಆ ಬದಿಯನ್ನು ಕಾಲ ಕಡೆಗೆ ಮಾಡುತ್ತಾರೆ.